ಮೆಡಿಕಲ್ ಫೇಲ್ ಆದವರ ವೀಸಾ
ದುಬೈಯ ದೇರಾದ ನಮ್ಮ ಫ್ಲ್ಯಾಟಿನ ಡೀನಾ ಆಂಟಿಗೆ ಎಲ್ಲದಕ್ಕೂ ಅವಸರ. ಜೆಬೆಲ್ ಅಲಿಗೆ ಹೋಗುವ ಕಂಪೆನಿ ಬಸ್ಸಿಗೆ ಅರ್ಧ ಗಂಟೆ ಮೊದಲೇ ನಿಲ್ಲುತ್ತಾರೆ. ಮೀನು ಬೇಯುವ ಮೊದಲೇ ಬಟ್ಟಲು ಇಡುತ್ತಾರೆ. ಬಡಿಸುತ್ತಲೇ, “ಯಲ್ಲಾ, ಬೇಗ ಬೇಗ! ಯೇಸು ಕರೆಯುವಾಗ ನಾಳೆ ಅನ್ನಬಾರದು,” ಎನ್ನುತ್ತಾರೆ. ನಮ್ಮ ಜೊತೆಗಿದ್ದ ಲೋಲಾಕ್ಷಿ, “ನಿಮ್ಮ ಸ್ವರ್ಗದ ವೀಸಾಕ್ಕೂ ಮೆಡಿಕಲ್ ಉಂಟಾ ಆಂಟಿ?” ಎಂದು ಕೆಣಕುವಳು. “ಉಂಟು ಮಾರಾಯ್ತಿ. ಫೇಲ್ ಆದವರಿಗೇ ಅಲ್ಲಿ ವೀಸಾ.” ಮೊನ್ನೆ ಶ್ವಾಸಕೋಶದಲ್ಲಿ ಕಲೆ ಕಂಡು ಲೋಲಾಕ್ಷಿಯೇ ವೀಸಾ ನವೀಕರಣದ ಮೆಡಿಕಲ್ ಪರೀಕ್ಷೆಯಲ್ಲಿ ಫೇಲಾದಳು, ಊರಿಗೆ ಮರಳಬೇಕಾಯಿತು. ಹೊರಡುವ ಬೆಳಿಗ್ಗೆ ಪೆಟ್ಟಿಗೆಯ ಮೇಲೆ ಕುಳಿತು, “ಆಂಟಿ, ಆ ಫೇಲ್ ಆದವರ ವೀಸಾ ಎಂತದ್ದು? ಸರಿಯಾಗಿ ಹೇಳಿ,” ಎಂದಳು. ಕೆಳಗೆ ಕಂಪೆನಿ ಬಸ್ಸಿನ ಹಾರ್ನ್ ಕೇಳಿಸಿತು. ಆಂಟಿ ಚಪ್ಪಲಿ ಕಳಚಿ, ಅವಳೆದುರು ಕುಳಿತು, ಯೇಸುವಿನ ಕತೆಯನ್ನು ನಿಧಾನವಾಗಿ ಮೊದಲಿನಿಂದ ಶುರುಮಾಡಿದರು. ಬಸ್ಸು ತಪ್ಪಿ ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆ ಕಂಡಿಲ್ಲ.