ಜೂನ್ ಒಂದರ ಕಾರ್ಡು ಹಿಡಿದು ಶಹಾಬಾದಿಗೆ

ಭಾನುವಾರ ಬೆಳಿಗ್ಗೆ ಐದೂವರೆಗೆ ಚಿಮ್ಮನಚೋಡದಲ್ಲಿ ಬಸ್ಸಿಗೆ ಕಾದು ನಿಂತೆವು, ನಾನು ಮತ್ತು ಏಳನೇ ತರಗತಿಯ ಮಗಳು ಗೌತಮಿ. ಅವಳು ಮನೆಯಿಂದಲೇ ಫುಟ್‌ಬಾಲ್ ಬೂಟು ಹಾಕಿಕೊಂಡು ಬಂದಿದ್ದಳು. ಶಹಾಬಾದಿನ ಕ್ಲಬ್ಬಿಗೆ ದೀಪಾವಳಿಯಿಂದ ವಾರಕ್ಕೊಮ್ಮೆ ಇದೇ ಓಡಾಟ. ಅಂದು ಮಕ್ಕಳನ್ನು ಎ, ಬಿ, ಸಿ ಎಂದು ತಂಡ ಮಾಡುವ ದಿನ. ಎ ತಂಡ ಪರ ಊರಿಗೆ ಹೋಗಿ ಆಡುತ್ತದೆ, ಸಿ ತಂಡಕ್ಕೆ ಬರೀ ಅಭ್ಯಾಸ. ವಾರವಿಡೀ ಶಾಲೆಯಲ್ಲಿ ಪಾಠ ಹೇಳಿ ದಣಿದ ನನಗೆ ಹಾಸಿಗೆ ಬಿಟ್ಟೇಳುವುದೇ ಬೇಡವಾಗಿತ್ತು.

ಉಚಿತ ಟಿಕೆಟಿಗೆ ಕಂಡಕ್ಟರ್ ಆಧಾರ್ ಕೇಳಿದ. ಗೌತಮಿಯ ಕಾರ್ಡು ನೋಡಿ, "ಇಕಿದೂ ಜೂನ್ ಒಂದಾ? ನಂದೂ ಅದೇ ನೋಡ್ರಿ ಮೇಡಂ" ಎಂದು ನಕ್ಕ. ನನಗೆ ನಗು ಬರಲಿಲ್ಲ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ನಮ್ಮ ಕಡೆ ಶಾಲೆಯವರು ಜೂನ್ ಒಂದು ಬರೆಯುತ್ತಾರೆ. ಗೌತಮಿಯ ದಿನ ನನಗೆ ಚೆನ್ನಾಗಿ ಗೊತ್ತಿತ್ತು, ಫೆಬ್ರವರಿ. ಆದರೆ ಮನೆಯಲ್ಲಿ ನೋಡಿಕೊಳ್ಳುವವರಿರಲಿಲ್ಲ. ಬೇಗ ನನ್ನ ಶಾಲೆಗೇ ಸೇರಿಸಿದರೆ ಕಣ್ಣೆದುರೇ ಇರುತ್ತಾಳೆಂದು ಅದರ ಹಿಂದಿನ ವರ್ಷದ ಜೂನ್ ಒಂದನ್ನು ದಾಖಲಾತಿಯಲ್ಲಿ ನನ್ನ ಕೈಯಾರೆ ಬರೆದೆ, ಆಧಾರಿಗೂ ಅದೇ ಹೋಯಿತು. ಮನೆಯಲ್ಲೂ ಅದೇ ದಿನ ಕೇಕು ಕತ್ತರಿಸಿ ಸುಳ್ಳನ್ನು ಗಟ್ಟಿ ಮಾಡಿದೆ. ಕ್ಲಬ್ಬಿನಲ್ಲಿ ಹುಟ್ಟಿದ ವರ್ಷ ನೋಡಿ ಗುಂಪು ಮಾಡುತ್ತಾರೆ. ಹಾಗಾಗಿ ಅವಳು ತನಗಿಂತ ದೊಡ್ಡವರ ನಡುವೆ ಸಿಕ್ಕಿಬಿದ್ದಿದ್ದಳು. ಇದು ಅವಳಿಗೆ ಗೊತ್ತಿರಲಿಲ್ಲ.

ಚಿಂಚೋಳಿಯಲ್ಲಿ ಬಸ್ ಬದಲಿಸಿ ಸೇಡಂ ಸೇರಿದಾಗ ಎಂಟು ದಾಟಿತ್ತು. ಸ್ಟ್ಯಾಂಡಿನಲ್ಲಿ ಚುರುಮುರಿ ಸುಸಲಾ, ಮಿರ್ಚಿ ತಿಂದು ರೈಲು ಹಿಡಿದೆವು. ಚಿತ್ತಾಪುರದವರೆಗೆ ನಿಂತೇ ಹೋದೆವು, ಅಲ್ಲಿ ಒಬ್ಬ ಅಜ್ಜಿ ಸರಿದು, "ಕುಂದ್ರಿ, ಮುಖ ಭಾಳ ಬಾಡ್ಯಾದ" ಎಂದಳು. ವಾಡಿಯಲ್ಲಿ ಇಳಿದು, ಹತ್ತು ಜನ ತುಂಬಿದ ಆಟೋದಲ್ಲಿ ಶಹಾಬಾದ್ ಮುಟ್ಟಿದೆವು. ಮಾರ್ಚಿನ ಬಿಸಿಲು ಆಗಲೇ ತಲೆ ಸುಡುತ್ತಿತ್ತು.

ಮೈದಾನದ ತುಂಬ ಬಿಳಿ ಕಲ್ಲುಪುಡಿ. ನಾನು ಪರಸಿ ಹಾಸುಗಲ್ಲಿನ ಕಟ್ಟೆಯ ಮೇಲೆ ಕುಳಿತೆ. ದೊಡ್ಡ ಹುಡುಗಿಯರ ಭುಜ ತಾಗಿ ಗೌತಮಿ ಮೂರು ಸಲ ಬಿದ್ದದ್ದು ನೋಡಿದೆ. ಕೊನೆಗೆ ಕೋಚ್ ಕರೀಂ ಸರ್ ಹೆಸರು ಓದಿದರು. ಗೌತಮಿ ಸಿ ತಂಡ. ಅವಳು ತಲೆ ತಗ್ಗಿಸಿ ಬೂಟಿನ ಲೇಸು ಬಿಚ್ಚತೊಡಗಿದಳು.

ನಾನು ಕರೀಂ ಸರ್ ಅವರನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ.

"ನನಗ ಕಾರ್ಡೇ ಆಧಾರರಿ ಮೇಡಂ. ನಿಮಗೊಬ್ರಿಗೆ ಬಿಟ್ರ ನಾಳೆ ಎಲ್ಲಾರೂ ಬಂದು ನಿಲ್ತಾರ" ಎಂದರು. ಆಮೇಲೆ ದನಿ ತಗ್ಗಿಸಿದರು. "ಎ ದಾಗ ಇರೋರು ಭಾಳ ಮಂದಿ ಆಟದಾಗ ಮುಂದ ಇಲ್ಲ, ಎತ್ತರದಾಗ ಮುಂದ ಅದಾರ. ಹನ್ನೆರಡಕ್ಕ ನಾನೂ ಎ ಟೀಮಿನ ಕ್ಯಾಪ್ಟನ್ ಇದ್ದೆ. ಹದಿನಾಲ್ಕಕ್ಕ ನಾ ಬೆಳೆಯೋದು ನಿಂತುಬಿಡ್ತು. ಸಿ ದಾಗಿನ ಹುಡುಗ್ರು ಬೆಳದು ನನ್ನ ದಾಟಿ ಹೋದ್ರು. ಈಗೇ ಬಿಡಸಬ್ಯಾಡ್ರಿ."

"ಬಿಡಸಲಿಲ್ಲಂದ್ರ ಮುಂದ ಆಡ್ತಾಳೇನ್ರಿ?"

"ಅದು ಯಾರಿಗೂ ಗೊತ್ತಿಲ್ರಿ."

ಮತ್ತೆ ವಾಡಿ, ಚಿತ್ತಾಪುರ, ಸೇಡಂ. ಚಿಂಚೋಳಿ ಬಸ್ಸಿನಲ್ಲಿ ಗೌತಮಿ ಬಾಯಿ ಬಿಟ್ಟಳು. "ಮುಂದಿನ ವಾರ ನಾ ಬರಂಗಿಲ್ಲವ್ವಾ. ನನಗ ಆಟ ಬರಂಗಿಲ್ಲ."

ನಿಜ ಹೇಳಬೇಕೆಂದರೆ, ಒಂದು ಗಳಿಗೆ ನನಗೆ ಹಾಯೆನಿಸಿತು. ಇನ್ನು ಭಾನುವಾರ ಮಲಗಬಹುದು. ಮರುಗಳಿಗೆಯೇ ನಾಚಿಕೆಯಾಯಿತು. ಅಂದು ಜೂನ್ ಒಂದು ಬರೆಸಿದ್ದೂ ಇದೇ ದಣಿವು. ಕಂಡಕ್ಟರಿಗೆ ತೋರಿಸಿದ ಕಾರ್ಡು ಇನ್ನೂ ಅವಳ ಕೈಯಲ್ಲಿತ್ತು. ಅದರ ಮೇಲೆ ಬೆರಳಿಟ್ಟು ನಡೆದದ್ದನ್ನೆಲ್ಲ ಹೇಳಿಬಿಟ್ಟೆ.

"ನೀನೇ ಸುಳ್ಳು ಬರ್ದಿ?"

"ಹೂಂ. ತಪ್ಪಾತು."

ಅವಳು ಕಿಟಕಿಯ ಕಡೆ ತಿರುಗಿದಳು. ಚಿಂಚೋಳಿ ಹತ್ತಿರ ಬಂದಾಗ ಒಮ್ಮೆಲೆ ತಿರುಗಿ ಕೇಳಿದಳು.

"ಅಂದ್ರ ಆ ಎ ಟೀಮಿನವ್ರೆಲ್ಲಾ ನನಗ ಅಕ್ಕಗೋಳು?"

"ಹೌದು."

"ಅಕ್ಕಗೋಳ ಕಾಲಾಗಿಂದ ನಾ ಎರಡ್ ಸಲ ಬಾಲ್ ಕಸ್ಕೊಂಡೀನಿ! ನೀ ನೋಡಿದಿಲ್ಲೋ?"

ನಾನು ನೋಡಿರಲಿಲ್ಲ. ಆಗ ಕಟ್ಟೆಯ ಮೇಲೆ ತೂಕಡಿಸುತ್ತಿದ್ದೆ. ಹೂಂ ಎನ್ನುವುದು ಸುಲಭವಿತ್ತು.

"ಇಲ್ಲವ್ವಾ," ಎಂದೆ. "ಮುಂದಿನ ವಾರ ನೋಡ್ತೀನಿ."