ಬಿಳಿ ರಕ್ತ ಮತ್ತು ಎದುರುಮನೆಯ ಒರಳು

ಹುಣಸೂರಿನ ಬಸ್ ನಿಲ್ದಾಣದ ಹತ್ತಿರ ಒಂದು ಸಣ್ಣ ಲ್ಯಾಬಿನಲ್ಲಿ ನಾನು ರಕ್ತ ಪರೀಕ್ಷೆ ಮಾಡುವವಳು. ಹನಗೋಡಿನಿಂದ, ಕೋಟೆ ಕಡೆಯ ಹಳ್ಳಿಗಳಿಂದ ಜ್ವರ ಹೊತ್ತು ಬಂದವರ ತೋಳು ಹಿಡಿದು ಸೂಜಿ ಚುಚ್ಚುತ್ತ ಹದಿನಾಲ್ಕು ವರ್ಷ ಕಳೆದಿದ್ದೇನೆ. ಇಷ್ಟು ವರ್ಷದಲ್ಲಿ ಪ್ಲೇಟ್‌ಲೆಟ್ ಅಂದರೆ ಬಿಳಿ ರಕ್ತ ಅಲ್ಲ ಎಂದು ಒಬ್ಬರನ್ನೂ ಒಪ್ಪಿಸಲು ನನ್ನಿಂದ ಆಗಿಲ್ಲ. ಜನರ ಲೆಕ್ಕದಲ್ಲಿ ಡೆಂಗಿ ಬಂದರೆ ಬಿಳಿ ರಕ್ತ ಕಮ್ಮಿಯಾಗುತ್ತದೆ, ಅಷ್ಟೆ. ಈಚೆಗೆ ನಾನೂ ಹಾಗೆಯೇ ಹೇಳಿಬಿಡುತ್ತೇನೆ.

ಹೋದ ಮಳೆಗಾಲದಲ್ಲಿ ನಮ್ಮ ಎದುರುಮನೆ ಅಜ್ಜಿಗೆ ಜ್ವರ ಬಂತು. ಎರಡು ಹಸು ಕಟ್ಟಿಕೊಂಡು ಬೀದಿಗೆಲ್ಲ ಮೊಸರು ಹಾಕುವ ಅಜ್ಜಿ. ಮಗಳ ಮನೆಯಲ್ಲಿದ್ದರೂ ಮೊಸರಿನ ವ್ಯಾಪಾರದಲ್ಲಿ ಮಾತ್ರ ಅವರದೇ ದರ್ಬಾರು. ನಾನೇ ಮನೆಗೆ ಹೋಗಿ ರಕ್ತ ತೆಗೆದೆ.

"ಅಷ್ಟೊಂದು ಎಳೀತೀಯಲ್ಲವ್ವ! ಆ ಸೊಳ್ಳೆನೇ ವಾಸಿ, ಒಂದು ತೊಟ್ಟು ಕುಡ್ಕಂಡು ವೋಯ್ತು" ಎಂದರು.

ಡೆಂಗಿ ಎಂದು ರಿಪೋರ್ಟ್ ಬಂತು. ಬಿಳಿ ರಕ್ತ ಕಮ್ಮಿಯಾಗಿದೆ ಅಜ್ಜಿ ಎಂದೆ. ಅವರು ನನ್ನನ್ನು ಅನುಮಾನದಿಂದ ನೋಡಿದರು. "ನೀನು ಎಳ್ಕಂಡಿದ್ದೆಲ್ಲ ಕೆಂಪ್ಗೇ ಇತ್ತಲ್ಲವ್ವ?"

ಡಾಕ್ಟರು ನೀರು, ಗಂಜಿ ಚೆನ್ನಾಗಿ ಕುಡಿಯಿರಿ, ದಿನಾ ರಕ್ತ ಪರೀಕ್ಷೆ ಮಾಡಿಸಿ ಎಂದು ಹೇಳಿದ್ದರು. ಅಜ್ಜಿ ಅದರ ಜೊತೆಗೆ ತಮ್ಮದೇ ಒಂದು ಪಥ್ಯ ಶುರುಮಾಡಿದರು. ಬಿಳಿ ರಕ್ತಕ್ಕೆ ಬಿಳಿ ಊಟ. ಮೂಲಂಗಿ, ಇಡ್ಲಿ, ಬೆಣ್ಣೆ, ಹೊತ್ತುಹೊತ್ತಿಗೂ ಮೊಸರನ್ನ. ಹುಟ್ಟಿದಾಗಿನಿಂದ ತಿಂದ ರಾಗಿಮುದ್ದೆಯನ್ನು ಕಪ್ಪೆಂದು ದೂರವಿಟ್ಟರು. ಪ್ಲೇಟ್‌ಲೆಟ್ ತಾನಾಗಿ ಏರಿತು. ಕೀರ್ತಿಯೆಲ್ಲ ಮೂಲಂಗಿಗೆ ಹೋಯಿತು.

ಅಜ್ಜಿ ಎದ್ದು ಓಡಾಡುವ ಹೊತ್ತಿಗೆ ಮೂಲೆಮನೆಯ ಹುಡುಗಿಗೆ ಜ್ವರ, ಅದರ ಬೆನ್ನಿಗೇ ಪಕ್ಕದ ಮನೆಯ ಬಾಣಂತಿಗೆ. ಎರಡೂ ಡೆಂಗಿಯೇ, ನನ್ನ ಕೈಯಲ್ಲೇ ಪರೀಕ್ಷೆಯಾದದ್ದು. ನನ್ನೊಳಗಿನ ಪತ್ತೇದಾರಿಣಿ ಎದ್ದು ಕೂತಳು. ಬೀದಿಯಲ್ಲಿ ನೀರು ನಿಲ್ಲುವ ಜಾಗ ಎಲ್ಲಿದೆ ಎಂದು ಯೋಚಿಸಿದೆ. ಅಜ್ಜಿಯ ಮನೆ ಮುಂದೆ ಒಂದು ಹಳೇ ಒರಳುಕಲ್ಲು, ಅದರ ತುಂಬ ಕಾಗೆ ಗುಬ್ಬಿಗೆಂದು ನೀರು. ಸಿಕ್ಕಿಬಿದ್ದಳು ಕಳ್ಳಿ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ, ಹೆಂಗಸರೆಲ್ಲ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ನಿಂತಿದ್ದಾಗಲೇ ಹೋಗಿ ಗಟ್ಟಿಯಾಗಿ ಶುರುಮಾಡಿದೆ. "ನೋಡಿ ಅಜ್ಜಿ, ಬೀದಿಗೆಲ್ಲ ಡೆಂಗಿ ಹಂಚ್ತಿರೋದು ನಿಮ್ಮ ಈ ಒರಳು!" ಇಬ್ಬರನ್ನು ಕರೆದು ಒರಳನ್ನು ಬೋರಲು ಹಾಕಿಸಿದೆ. ನೀರು ಮೋರಿಗೆ ಹರಿದುಹೋಯಿತು. ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದರು. ನನಗೆ ಅದು ತಪ್ಪೊಪ್ಪಿಗೆಯಂತೆಯೇ ಕಂಡಿತು.

ಮರುದಿನದಿಂದ ಬೀದಿಯವರು ಅಜ್ಜಿಯ ಹತ್ತಿರ ಮೊಸರು ಕೊಳ್ಳುವುದನ್ನು ಬಿಟ್ಟರು. ಡೆಂಗಿ ಮನೆ ಮೊಸರು ಯಾಕೆ ಬೇಕು ಎಂದರಂತೆ. ಡೆಂಗಿ ಮೊಸರಿನಿಂದ ಬರುವುದಿಲ್ಲ, ಸೊಳ್ಳೆ ಕಚ್ಚಿದರೆ ಬರುತ್ತದೆ. ಇದು ನನಗಿಂತ ಚೆನ್ನಾಗಿ ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಸುಮ್ಮನಿದ್ದೆ. ಅಜ್ಜಿ ಬೆಳಿಗ್ಗೆ ಗಡಿಗೆ ಇಟ್ಟುಕೊಂಡು ಜಗಲಿಯಲ್ಲಿ ಕೂರುವರು, ಬಿಸಿಲೇರಿದ ಮೇಲೆ ಅದನ್ನು ಹಾಗೇ ಒಳಗೆ ತೆಗೆದುಕೊಂಡು ಹೋಗುವರು. ನೋಡಿದಾಗಲೆಲ್ಲ ಬೀದಿಯವರಿಗೆ ನಿಜ ಹೇಳಿಬಿಡೋಣ ಎನ್ನಿಸುತ್ತಿತ್ತು, ಆದರೆ ಜ್ಞಾನಿಯ ಗತ್ತು ಬಿಡಬೇಕಲ್ಲ.

ಎರಡು ವಾರಕ್ಕೆ ಆಶಾ ಕಾರ್ಯಕರ್ತೆ ಮನೆಮನೆಯ ನೀರು ನೋಡಲು ಬಂದಳು. ಅವಳು ನನಗೆ ಚೆನ್ನಾಗಿ ಪರಿಚಯದವಳೇ. ಎಂದಿನಂತೆ, ನಮ್ಮ ಮನೆಯಲ್ಲಿ ಏನು ನೋಡ್ತೀಯ, ಕಾಫಿ ಕುಡಿ ಎಂದೆ. ಈ ಸಲ ಅವಳು ಕೇಳದೆ, ಟಾರ್ಚ್ ಹಿಡಿದು ನೇರ ಅಡುಗೆಮನೆಗೆ ಹೋಗಿ ಫ್ರಿಜ್ಜನ್ನು ಗೋಡೆಯಿಂದ ಎಳೆದಳು. ಅದರ ಹಿಂದೆ ಕರಗಿದ ನೀರು ಬೀಳುವ ಒಂದು ತಟ್ಟೆ ಇರುತ್ತದೆಯೆಂಬುದೇ ನನಗೆ ಮರೆತುಹೋಗಿತ್ತು. ತಟ್ಟೆಯ ತುಂಬ ಸೊಳ್ಳೆಮರಿಗಳು ಬಾಲ ಮೇಲೆ ಮಾಡಿ ಕುಣಿಯುತ್ತಿದ್ದವು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿದ್ದಿತ್ತು.

ನಮ್ಮ ಮನೆಯಲ್ಲಿ ಯಾರಿಗೂ ಜ್ವರ ಬಂದಿರಲಿಲ್ಲ. ನಮ್ಮ ಸೊಳ್ಳೆಗಳಿಗೆ ಅನ್ನದ ಋಣ ಗೊತ್ತಿತ್ತೇನೋ.

"ಅಜ್ಜಿ ಒರಳಲ್ಲೂ ಇತ್ತಲ್ವಾ?" ಎಂದೆ, ಕೊನೆಯ ಆಸೆಯಿಂದ.

"ಎಲ್ಲಿ ಬಂತು ಮೇಡಂ? ಅಜ್ಜಿ ದಿನಾ ಬೆಳಿಗ್ಗೆ ತಿಕ್ಕಿ ತೊಳ್ದು ಹೊಸ ನೀರು ಉಯ್ತಿದ್ರು. ನಾನು ಪ್ರತಿಸಲ ನೋಡಿವ್ನಿ. ನಿಮ್ಮನೆ ಬುಟ್ರೆ ಈ ಬೀದೀಲಿ ಇನ್ನೆಲ್ಲೂ ಹುಳ ಇಲ್ಲ." ಆಮೇಲೆ ಅವಳು ದನಿ ತಗ್ಗಿಸಿದಳು. "ಬುಡಿ, ಚೆಲ್ಬುಡಿ. ನಾನು ಬರ್ಕಳಕಿಲ್ಲ."

ಬರೆದುಕೋ ಎಂದೆ. ಧೈರ್ಯದಿಂದಲ್ಲ, ನಾಚಿಕೆಯಿಂದ. ಒಂದು ತೊಟ್ಟು ರಕ್ತ ನೋಡದೆ ಯಾರಿಗೂ ಇಂಥ ಕಾಯಿಲೆ ಎನ್ನದ ನಾನು, ಒರಳೊಳಗೆ ಒಂದು ಸಲ ಬಗ್ಗಿ ನೋಡದೆ ರಿಪೋರ್ಟ್ ಕೊಟ್ಟಿದ್ದೆ.

ಅವಳು ಹೋದ ಮೇಲೆ ಸೆರಗು ಸರಿಮಾಡಿಕೊಂಡು ಅಜ್ಜಿಯ ಮನೆಗೆ ಹೋದೆ. ಅವರು ಜಗಲಿಯಲ್ಲೇ ಇದ್ದರು. ಪಕ್ಕದಲ್ಲಿ ಕೂತು, ಯಾರಿಗೂ ಕೇಳದಂತೆ, ಎಲ್ಲವನ್ನೂ ಹೇಳಿದೆ. ತಪ್ಪಾಯ್ತು ಅಜ್ಜಿ, ಕ್ಷಮಿಸಿ ಎಂದೆ. ಅವರು ನನ್ನ ಕಡೆ ತಿರುಗಿ ಕೂತರು.

"ಬಯ್ಯುವಾಗ ಬೀದಿಗೆಲ್ಲ ಕೇಳಂಗೆ ಬಯ್ದೆ. ಈಗ ತಪ್ಪಾಯ್ತು ಅನ್ನಕೆ ಕಿವಿತಾವ ಬಂದಿದ್ದೀಯಲ್ಲವ್ವ?"

ಎದ್ದು ಬೀದಿಯ ನಡುವೆ ಹೋಗಿ ನಿಂತೆ. ಸಂಜೆಯ ಹೊತ್ತು, ಎಲ್ಲರೂ ಮನೆಯಲ್ಲೇ ಇದ್ದರು. ಆ ಭಾನುವಾರದಷ್ಟೇ ಗಟ್ಟಿಯಾಗಿ ಕೂಗಿದೆ. "ಸೊಳ್ಳೆಮರಿ ಇದ್ದದ್ದು ನಮ್ಮನೆ ಫ್ರಿಜ್ಜಲ್ಲಿ! ಅಜ್ಜಿ ಒರಳಲ್ಲಿ ಏನೂ ಇರ್ಲಿಲ್ಲ! ನೋಡ್ದೆ ಹೇಳ್ಬಿಟ್ಟೆ, ತಪ್ಪು ನಂದು!"

ಒಂದೊಂದಾಗಿ ಬಾಗಿಲು ತೆರೆದವು. ಯಾರೋ ಕಿಸಕ್ಕೆಂದರು. ಮುಗಿಯಿತಲ್ಲ ಎಂದು ಮನೆ ಕಡೆ ತಿರುಗಿದೆ.

"ಮೊಸ್ರುದ್ದೂ ಯೋಳವ್ವ" ಎಂದರು ಅಜ್ಜಿ ಜಗಲಿಯಿಂದ.

ಅದನ್ನೂ ಕೂಗಿ ಹೇಳಿದೆ.