ಬಾಣಂತಿ ಕೋಣೆಯ ಕಿಟಕಿ

ಕಳೆದ ಮಂಗಳವಾರ ನಮ್ಮ ಮನೆಗೆ ಬಂದ ದವಾಖಾನೆಯ ಸಿಸ್ಟರ್‌ಬಾಯಿ ನೀರು ಕೇಳಲಿಲ್ಲ, ಕೂಸಿನ ಮುಖ ನೋಡಲಿಲ್ಲ. ಚಪ್ಪಲಿ ಬಿಟ್ಟವರೇ ಸೀದಾ ಬಾಣಂತಿ ಕೋಣೆಗೆ ನುಗ್ಗಿ, ಕಿಟಕಿಗೆ ಅಂಟಿಸಿದ್ದ ಕಾಗದವನ್ನು ಪರಪರನೆ ಹರಿದರು.

ನಮ್ಮ ಅತ್ತೆಯವರು ಹಾಲಿನ ಪಾತ್ರೆ ಹಿಡಿದು ನಿಂತಲ್ಲೇ ನಿಂತುಬಿಟ್ಟರು. ಮೈದಾ ಅಂಟು ಕಾಸಿ, ತಮ್ಮ ಕೈಯಾರೆ ಅವರೇ ಅಂಟಿಸಿದ ಕಾಗದ ಅದು!

ಇಷ್ಟಕ್ಕೂ ಕಿಟಕಿಗೆ ಕಾಗದ ಯಾಕೆ ಅನ್ನುತ್ತೀರಾ? ನೀವು ದಾಂಡೇಲಿಯವರಲ್ಲ ಬಿಡಿ. ನಮ್ಮೂರಿನ ಗಾಳಿಯಲ್ಲಿ ಕಾಗದದ ಗಿರಣಿಯ ವಾಸನೆ ಇರುತ್ತದೆ. (ಪರವೂರಿನವರು ಕೊಳೆತ ಕೋಸುಗಡ್ಡೆ ನೆನೆಸಿಕೊಳ್ಳಬಹುದು.) ನಾನು ಅದನ್ನು ಬಯ್ಯುವವಳಲ್ಲ. ನಮ್ಮ ಯಜಮಾನರಿಗೆ ಪಗಾರ ಕೊಡುವ ವಾಸನೆ ಅದು. ಆದರೆ ಮಗಳು ಗಿರಿಜಾ ಚೊಚ್ಚಲ ಬಾಣಂತಿ, ಹಳಿಯಾಳದ ಗಂಡನ ಮನೆಯಿಂದ ಹೆರಿಗೆಗೆ ಬಂದವಳು. ಎಳೆಗೂಸಿಗೆ ಆ ನಾತ, ಬಾಣಂತಿಗೆ ಈ ಥಂಡಿ ತಾಗಬಾರದೆಂದು ಅತ್ತೆಯವರ ಹಟ. ಗಿರಣಿಯ ಕ್ವಾರ್ಟರ್ಸ್‌ನಲ್ಲಿ ಕಾಗದಕ್ಕೆ ಬರವೇ? ಮಕ್ಕಳ ಪುಸ್ತಕಕ್ಕೆ ಹೊದಿಕೆ ಹಾಕಿ ಉಳಿದ ದಪ್ಪ ಕಾಗದವೆಲ್ಲ ಕಿಟಕಿಗೂ ಬಾಗಿಲ ಸಂದಿಗೂ ಹೋಯಿತು. ಗಿರಣಿಯ ವಾಸನೆಗೆ ಗಿರಣಿಯ ಕಾಗದವೇ ಅಡ್ಡ!

ಇನ್ನು ಹೊರಸಿನ ಕೆಳಗೆ ಇದ್ದಿಲ ಶೇಗಡಿ. ಬಾಣಂತಿಯ ಬೆನ್ನು ಕಾಯಬೇಕಲ್ಲ. ಅತ್ತೆಯವರು ಅಂಗಳದಲ್ಲಿಟ್ಟು ಹೊಗೆಯೆಲ್ಲ ಹೋಗುವವರೆಗೆ ಬೀಸಿ, ಕೆಂಡ ಕೆಂಪಗಾದ ಮೇಲೆಯೇ ಒಳಗೆ ತರುತ್ತಿದ್ದರು. ಅಷ್ಟು ಚೊಕ್ಕ ಕೆಲಸ.

ಗಿರಿಜಾಳಿಗೆ ತಲೆನೋವು ಶುರುವಾಯಿತು. ತಲೆಗೆ ಗಾಳಿ ಹೊಕ್ಕಿದೆ ಎಂದು ಅತ್ತೆಯವರು ಕೆಂಡ ಹೆಚ್ಚಿಸಿದರು. ತಲೆನೋವೂ ಹೆಚ್ಚಿತು. ಉಳಿದಿದ್ದ ಸಂದಿಗೂ ಕಾಗದ ಬಿತ್ತು. ಮಂಗಳವಾರ ಮುಂಜಾನೆ ಹುಡುಗಿ ವಾಂತಿ ಮಾಡಿಕೊಂಡಳು. ಕೂಸಿಗೆ ಹಾಲು ಕುಡಿಸಲು ಎಬ್ಬಿಸಿದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿದಳು. ಮನೆದೇವರಿಗೆ ಕೈಮುಗಿದು ದವಾಖಾನೆಗೆ ಓಡಿದೆ. ನಾನು ಕೇಳಿದ್ದು ತಲೆನೋವಿನ ಗುಳಿಗೆ. ಕೋಣೆಯಲ್ಲಿ ಬೆಂಕಿ ಇದೆಯೇ ಎಂದು ಸಿಸ್ಟರ್‌ಬಾಯಿ ಕೇಳಿದರು. ಹೌದೆಂದೆ. ಗುಳಿಗೆ ಕೊಡಲೇ ಇಲ್ಲ, ನನಗಿಂತ ಮುಂದೆ ನಡೆದರು.

ಕಾಗದ ಹರಿದಾದ ಮೇಲೆ ಶೇಗಡಿ ಅಂಗಳಕ್ಕೆ ಹೋಯಿತು, ತಾಯಿ-ಮಗು ಪಡಸಾಲೆಗೆ ಬಂದರು. ಹಿತ್ತಲಿಗೆ ಹೋದಾಗ ತಲೆ ಹೇಗಿರುತ್ತದೆ ಎಂದು ಸಿಸ್ಟರ್‌ಬಾಯಿ ಕೇಳಿದರೆ ಗಿರಿಜಾ ಮೆಲ್ಲಗೆ, "ಹಗುರ ಆಗ್ತೈತ್ರಿ. ಒಳಗ ಬಂದು ಮಲಗಿದ್ರ ಮತ್ತ ಸುರು," ಎಂದಳು.

ಅತ್ತೆಯವರು ಬಿಡುವವರೇ? "ಹೊಗಿ ಎಲ್ಲೈತಿ, ತೋರಿಸು ನೋಡೂಣು. ನಿಗಿನಿಗಿ ಕೆಂಡ ಮಾಡೇ ತಂದೇನಿ."

"ಹೊಗಿ ಇದ್ದಿದ್ರ ನೀವ ಕೆಮ್ಮಿ ಕಿಟಕಿ ತೆಗೀತಿದ್ರಿ, ಅಜ್ಜಿ. ಇದು ಕೆಂಡದಾಗಿನ ಗ್ಯಾಸು, ನಾತ ಇಲ್ಲ, ಕೆಮ್ಮಸೂದಿಲ್ಲ. ಸುಮ್ನ ಮಲಗಿಸಿಬಿಡ್ತೈತಿ," ಎಂದರು ಸಿಸ್ಟರ್‌ಬಾಯಿ.

ಅತ್ತೆಯವರು ಹಾಲಿನ ಪಾತ್ರೆ ಕೆಳಗಿಟ್ಟು, ಮೊಮ್ಮಗಳ ಪಾದ ಹಿಡಿದುಕೊಂಡು ಕುಳಿತರು.

ಸಿಸ್ಟರ್‌ಬಾಯಿ ಮೊದಲಿದ್ದ ಊರಿನ ಕಬ್ಬಿಣದ ಭಟ್ಟಿಯಲ್ಲೂ ಇದೇ ಗ್ಯಾಸಂತೆ. ಗಟ್ಟಿಮುಟ್ಟಾದ ಗಂಡಸರನ್ನು ದವಾಖಾನೆಗೆ ಹೊತ್ತು ತರುತ್ತಿದ್ದರಂತೆ. ನಮ್ಮ ರಕ್ತದಲ್ಲಿ ಒಂದು ಪ್ರೋಟೀನ್ ಇದೆಯಂತೆ. (ಪ್ರೋಟೀನ್ ಅಂದರೆ ತೊಗರಿಬೇಳೆಯಲ್ಲಿರುವುದು ಎಂದಷ್ಟೇ ತಿಳಿದಿದ್ದೆ!) ಉಸಿರಿನ ಒಳ್ಳೆಯ ಗಾಳಿಯನ್ನು ಕೂರಿಸಿಕೊಂಡು ಮೈಯೆಲ್ಲ ತಿರುಗುವುದು ಅದರ ಕೆಲಸ. ಈ ಕಳ್ಳ ಗ್ಯಾಸು ಬಂದು ಆ ಜಾಗದಲ್ಲಿ ಬಿಗಿಯಾಗಿ ಕೂತುಬಿಡುತ್ತದೆ.

ನನಗೆ ಥಟ್ಟನೆ ಅಳ್ನಾವರದ ರೈಲು ಕಣ್ಣ ಮುಂದೆ ಬಂತು. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರು ಇರುತ್ತಾರಲ್ಲ, ಅಂಥವನೇ ಇವನು. ಬಾಣಂತಿ ನಿಂತಿದ್ದರೂ ಏಳುವವನಲ್ಲ. ಆದರೆ ಬಾಗಿಲು ತೆರೆದಿಟ್ಟು ಒಳ್ಳೆಯ ಗಾಳಿ ಹತ್ತುತ್ತಲೇ ಇದ್ದರೆ ಇವನೂ ಮೆಲ್ಲಗೆ ಇಳಿದು ಹೋಗುತ್ತಾನಂತೆ. ಸೀಸ, ಪಾದರಸ ಅಂತ ಕಾರ್ಖಾನೆಗಳಲ್ಲಿ ಇನ್ನೂ ಕೆಲವರಿದ್ದಾರೆ, ಅವರು ಹತ್ತಿದರೆ ಬೇಗ ಇಳಿಯುವುದಿಲ್ಲ ಎಂದೂ ಹೇಳಿದರು. ಕಾರ್ಖಾನೆಯ ಊರಿನಲ್ಲಿರುವ ನಾವು ಬರೀ ಮೂಗನ್ನೇ ನಂಬಿ ಕೂತರೆ ಆದೀತೇ?

ಡಾಕ್ಟರು ತಾಯಿ-ಮಗು ಇಬ್ಬರನ್ನೂ ನೋಡಿ, ಭಯವಿಲ್ಲ ಎಂದರು. ಗಿರಿಜಾ ಸಂಜೆಗೆ ರೊಟ್ಟಿ ಕೇಳಿದಳು. ಅದಕ್ಕಿಂತ ದೊಡ್ಡ ಪ್ರಸಾದ ನನಗೆ ಬೇಕಿರಲಿಲ್ಲ.

ಈಗ ಶೇಗಡಿ ಪಡಸಾಲೆಯಲ್ಲಿ, ಬಾಗಿಲು ಕಿಟಕಿ ಹಾರುಹೊಡೆದಿವೆ. ಗಿರಣಿಯ ವಾಸನೆ ಧಾರಾಳವಾಗಿ ಒಳಗೆ ಬರುತ್ತದೆ. ಮೊದಲು ಮೂಗು ಮುಚ್ಚಿದವಳು ನಾನೇ. ಅತ್ತೆಯವರು, "ಬರ್ಲಿ ಬಿಡವಾ. ಹೇಳಿ ಬರೂ ನಾತ ಅದು," ಎಂದರು.

ಒಂದು ಮಾತು ಉಳಿಯಿತು. ಕೂಸು ಒಮ್ಮೆಯೂ ಮಂಕಾಗಲಿಲ್ಲ, ಕೈಕಾಲು ಬಡಿಯುತ್ತಲೇ ಇತ್ತು. ತೊಟ್ಟಿಲು ಕಿಟಕಿಯ ಮಗ್ಗುಲಿಗಿತ್ತು. ಐದನೆಯ ದಿನ, ಕೂಸಿನ ಹಣೆಬರಹ ಬರೆಯಲು ಸೆಟವಿ ತಾಯಿ ಬರುವ ಹೊತ್ತಿಗೆ, ಎಲ್ಲ ಮುಚ್ಚಿದರೆ ಅವಳು ಬರುವುದೆಲ್ಲಿಂದ ಎಂದು ನನಗೆ ಚಿಂತೆಯಾಗಿತ್ತು. ಅತ್ತೆಯವರ ಕಣ್ಣು ತಪ್ಪಿಸಿ ಕಾಗದದ ಒಂದು ಮೂಲೆ ಹರಿದಿಟ್ಟಿದ್ದೆ. ಅಷ್ಟು ಕಿಂಡಿ ಯಾವ ಲೆಕ್ಕಕ್ಕೂ ಸಾಲದು, ಅದನ್ನು ನಂಬಿ ಕೂರಬೇಡಿ ಎಂದು ಸಿಸ್ಟರ್‌ಬಾಯಿ ಗದರಿದರು. ಅವರ ಮಾತು ಖರೆ, ನಾನು ಒಪ್ಪಿದೆ.

ಆದರೂ ಕೇಳುತ್ತೇನೆ: ಸೆಟವಿ ತಾಯಿ ಒಳಗೆ ಬರಲಿ ಎಂದು ಕೂಸಿನ ತಲೆಯ ಬಳಿ ಕಿಂಡಿ ಬಿಟ್ಟೆ, ಒಳಗೆ ಬಂದದ್ದು ಗಾಳಿ, ಹಾಗಾದರೆ ತಾಯಿ ಬರಲಿಲ್ಲ ಎಂದು ಹೇಳುವವರು ಯಾರು?